ಡೇರೆ ಹೂಡುವ ಮುನ್ನ

ಶಾಲೆಗಳಿಗೆ ರಜೆ ಹತ್ತಿರವಾದಂತೆ ನಮ್ಮ ಹೊಸೂರು ಕಡೆಯ ಮನೆಗಳಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. "ಫಾದರ್, ಮಕ್ಕಳು ಹಠ ಹಿಡಿದು ಟೆಂಟ್ ತರಿಸಿಬಿಟ್ಟಿದ್ದಾರೆ. ಅಂಚೆಟ್ಟಿ ಕಡೆ ಹೊಳೆ ದಂಡೆಯಲ್ಲಿ ಒಂದು ರಾತ್ರಿ ಇದ್ದು ಬರೋಣ ಅಂತಿದ್ದೇವೆ. ಏನೇನು ತೆಗೆದುಕೊಂಡು ಹೋಗಬೇಕು?" ಹೀಗೆ ಕೇಳುವ ತಂದೆತಾಯಿಯರು ಒಬ್ಬಿಬ್ಬರಲ್ಲ. ಮೊಬೈಲಿನಲ್ಲಿ ಯಾರೋ ಹಾಕಿದ ವಿಡಿಯೋ ನೋಡಿರುತ್ತಾರೆ. ಹಸಿರು ಬೆಟ್ಟ, ಕೆಂಪು ಟೆಂಟ್, ಮುಂದೆ ಉರಿಯುವ ಬೆಂಕಿ. ಪ್ರಿಯ ಓದುಗರೇ, ಏನೇನು ಒಯ್ಯಬೇಕೆಂದು ಹೇಳುವುದು ಸುಲಭ. ಅದನ್ನು ಎಲ್ಲಿಗೆ ಒಯ್ಯುತ್ತೀರಿ ಎನ್ನುವುದೇ ಕಷ್ಟದ ಪ್ರಶ್ನೆ. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಅದಕ್ಕೆ ಮೊದಲು ಒಂದು ಮಾತು. ಬಯಲಿನಲ್ಲಿ ಮಲಗುವುದು ನಮ್ಮವರಿಗೆ ಹೊಸ ಸಂಗತಿಯಲ್ಲ. ರಾಗಿ ತೆನೆ ಬಲಿಯುವ ಕಾಲಕ್ಕೆ ಹೊಲದ ನಡುವೆ ಅಟ್ಟಣೆ ಕಟ್ಟಿ, ತಮಟೆ ಬಡಿಯುತ್ತಾ ಕಾವಲು ಕಾಯ್ದ ಅಜ್ಜಂದಿರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದಾಗ ಕುರಿಗಾಹಿ ಒಂದು ಕರಿ ಕಂಬಳಿಯ ಮೇಲೆ ಮಳೆಗಾಲ ಚಳಿಗಾಲ ಎರಡನ್ನೂ ಕಳೆಯುತ್ತಿದ್ದ. ನಮ್ಮ ಮಾತಿನಲ್ಲೇ ನೋಡಿ: ಬೀಡು, ಬಿಡಾರ, ಗುಡಾರ, ಡೇರೆ, ಪಾಳ್ಯ, ದಂಡು. ಇಷ್ಟೊಂದು ಪದಗಳನ್ನು ಇಟ್ಟುಕೊಂಡ ಭಾಷೆಯ ಜನ ಡೇರೆಯನ್ನು ಕಾಣದವರಾಗಿರಲು ಸಾಧ್ಯವಿಲ್ಲ. 1791ರಲ್ಲಿ ಹೊಸೂರು, ರಾಯಕೋಟೆಗಳ ಮೇಲೆ ಬಂದ ಕಂಪನಿಯ ಸೇನೆ ಡೇರೆಗಳಲ್ಲೇ ಬಿಡಾರ ಮಾಡಿತ್ತು. ಮರುವರ್ಷ ಬಾರಾಮಹಲ್ ಪ್ರಾಂತ್ಯ ಟಿಪ್ಪುವಿನ ಕೈಯಿಂದ ಕಂಪನಿಗೆ ಹೋದಾಗ, ಅಲ್ಲಿ ಕಂದಾಯ ನಿಗದಿ ಮಾಡಲು ಬಂದವರಲ್ಲಿ ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಕೂಡ ಒಬ್ಬ. ಆ ಕಾಲದ ಕಲೆಕ್ಟರರ ಕಚೇರಿ ಎಂದರೆ ವರ್ಷದ ಅರ್ಧ ಭಾಗ ಊರಿಂದೂರಿಗೆ ಸಾಗುವ ಡೇರೆಯೇ. ಒಂದು ವ್ಯತ್ಯಾಸವಿದೆ: ಅವರೆಲ್ಲ ಕೆಲಸಕ್ಕಾಗಿ ಮಲಗಿದರು, ನಾವು ಸಂತೋಷಕ್ಕಾಗಿ ಮಲಗಹೊರಟಿದ್ದೇವೆ. ಕೆಲಸಕ್ಕೆ ಹೋದವನಿಗೆ ನೆಲದ ಪರಿಚಯವಿತ್ತು. ನಮ್ಮ ಮಕ್ಕಳಿಗೆ ಅದಿಲ್ಲ.

ಕಾಡಿನೊಳಗೆ ಬೇಡ

ಹಿರಿಯ ಓದುಗರಿಗೆ ಕೆನೆತ್ ಆಂಡರ್ಸನ್ ಹೆಸರು ಗೊತ್ತಿರಬಹುದು. ಬೆಂಗಳೂರಿನಲ್ಲಿದ್ದ ಈ ಬೇಟೆಗಾರ ನಮ್ಮ ಜವಳಗಿರಿ, ದೆಂಕಣಿಕೋಟೆ, ಅಂಚೆಟ್ಟಿಯ ಕಾಡುಗಳಲ್ಲಿ ರಾತ್ರಿಗಳನ್ನು ಕಳೆದು ಬರೆದ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದರು. ಅವನ್ನು ಓದಿ ಬೆಳೆದ ತಂದೆಯಂದಿರಿಗೆ ಮಕ್ಕಳನ್ನು ಆ ಕಾಡಿಗೇ ಕರೆದೊಯ್ಯುವ ಆಸೆ ಸಹಜ. ಆದರೆ ಆ ಕಾಲ ಬೇರೆ. ಇಂದು ಅದರಲ್ಲಿ ಬಹುಪಾಲು ಮೀಸಲು ಅರಣ್ಯ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಸುಮಾರು 504 ಚದರ ಕಿಲೋಮೀಟರ್ ಕಾಡನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. 2022ರ ನವೆಂಬರಿನಲ್ಲಿ ಇನ್ನೂ 686 ಚದರ ಕಿಲೋಮೀಟರ್ ಸೇರಿ ಕಾವೇರಿ ದಕ್ಷಿಣ ವನ್ಯಜೀವಿ ಧಾಮವಾಯಿತು. ಆಚೆ ದಡದ ಕರ್ನಾಟಕದ ಕಾಡುಗಳ ಜೊತೆ ಸೇರಿ ಇದೆಲ್ಲ ಆನೆಗಳಿಗೆ ಒಂದೇ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಅಲ್ಲಿ ಬೆಂಕಿ ಹಚ್ಚುವುದು ಇನ್ನೂ ದೊಡ್ಡ ಅಪರಾಧ. "ಯಾರೂ ನೋಡುವುದಿಲ್ಲ ಬಿಡಿ" ಎನ್ನುವ ಗೆಳೆಯರ ಮಾತು ಕೇಳಬೇಡಿ. ನೋಡುವವರು ಅರಣ್ಯ ಸಿಬ್ಬಂದಿ ಮಾತ್ರವಲ್ಲ.

ಆನೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಇಲ್ಲಿಯೇ ನಮ್ಮ ಸೀಮೆಯ ತೊಡಕು ಇರುವುದು. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಟೆಂಟಿನಲ್ಲಿ ಮಲಗಲು ಇಲ್ಲಿ ಹೇಳಿಮಾಡಿಸಿದ ಕಾಲ ಎಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿವರೆಗೆ: ಮಳೆ ಹಿಂದೆಗೆದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಸೊಳ್ಳೆ ಕಡಿಮೆ. ಬನ್ನೇರುಘಟ್ಟದ ಕಡೆಯಿಂದ ಆನೆಹಿಂಡುಗಳು ಇಳಿದು ಬರುವುದೂ ಹೆಚ್ಚು ಕಡಿಮೆ ಇದೇ ಕಾಲದಲ್ಲಿಯೇ. ಅಕ್ಟೋಬರಿನಿಂದ ಆರಂಭಿಸಿ, ರಾಗಿ ಕೊಯ್ಲು, ಕಣದ ಕೆಲಸ ಮುಗಿಯುವವರೆಗೆ ಅವು ಜವಳಗಿರಿ, ತಳಿ, ದೆಂಕಣಿಕೋಟೆ ಹಾದು ಹೊಸೂರು-ಕೃಷ್ಣಗಿರಿ ಹೆದ್ದಾರಿಯ ಪಕ್ಕದ ಸಾನಮಾವು ಕಾಡಿನವರೆಗೂ ಬರುತ್ತವೆ. ಹಗಲು ಕಾಡಿನಲ್ಲಿ ನಿಂತು ರಾತ್ರಿ ಹೊಲಕ್ಕಿಳಿಯುತ್ತವೆ. ಹಾಗಾಗಿ ಕಾಡಂಚಿನ ತೋಟದ ಮಾಲೀಕರು ನಿಮ್ಮ ಬಂಧುವೇ ಆಗಿದ್ದರೂ, ಆ ತಿಂಗಳುಗಳಲ್ಲಿ ಅಲ್ಲಿ ಟೆಂಟ್ ಬೇಡ. ಟೆಂಟಿನಲ್ಲಿ ಬಾಳೆಹಣ್ಣು, ಹಲಸು, ಬೆಲ್ಲ, ಉಪ್ಪು ಇದ್ದರಂತೂ ನೀವೇ ಆನೆಗೆ ಕರೆಯೋಲೆ ಕಳುಹಿಸಿದಂತೆ.

ಇದು ಬರೀ ಹೆದರಿಸುವ ಮಾತಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಖಾಸಗಿ ರೆಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬಳು ರಾತ್ರಿ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡಳು. ದುಡ್ಡು ಕೊಟ್ಟು ಉಳಿಯುವ ಜಾಗವಾದ್ದರಿಂದ ಎಲ್ಲವೂ ಸರಿಯಿರುತ್ತದೆ ಎಂದೇ ಅಲ್ಲಿಗೆ ಹೋದವರೆಲ್ಲರೂ ನಂಬಿರುತ್ತಾರೆ. ಅದಕ್ಕೂ ಮುಂಚೆ, 2018ರ ಮಾರ್ಚ್ 11ರಂದು, ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರನ್ನು ಕಾಡ್ಗಿಚ್ಚು ಸುತ್ತುವರಿದು 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಇಪ್ಪತ್ತು ಮೂವತ್ತರ ವಯಸ್ಸಿನವರು. ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣಕ್ಕೆ ಪ್ರತ್ಯೇಕ ನಿಯಮಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯೇ 'ಟ್ರೆಕ್ ತಮಿಳುನಾಡು' ಎಂಬ ಯೋಜನೆಯಡಿ 40 ಹಾದಿಗಳನ್ನು ತೆರೆದಿದೆ. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿದರೆ ಸ್ಥಳೀಯ ಮಾರ್ಗದರ್ಶಿಗಳೇ ಕರೆದೊಯ್ಯುತ್ತಾರೆ, ಬೇಸಿಗೆಯ ಬೆಂಕಿಯ ದಿನಗಳಲ್ಲಿ ಮುಚ್ಚುತ್ತಾರೆ. ಕಾಡು ನೋಡಲೇಬೇಕೆಂಬ ಮಕ್ಕಳಿಗೆ ಹಗಲಿನಲ್ಲಿ ಈ ದಾರಿ ಸಾಕು. ರಾತ್ರಿ ನದಿಯ ದಡದ ಡೇರೆಯಲ್ಲೇ ಮಲಗಬೇಕೆಂದಿದ್ದರೆ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸುತ್ತದೆ. ಖರ್ಚು ಜಾಸ್ತಿ, ಮಂಚ ಹಾಸಿಗೆ ಇರುವ ಟೆಂಟ್. ಆದರೆ ಕಾವಲಿರುತ್ತದೆ, ಅನುಮತಿಯ ತಲೆನೋವಿಲ್ಲ.

ನೀರಿನ ಪಕ್ಕದಲ್ಲಿಯೂ ಬೇಡ

ನೀರಿನ ದಂಡೆ ಕಣ್ಣಿಗೆ ಚೆಂದ. ಆದರೆ ಹೊಗೇನಕಲ್ಲಿನಲ್ಲಿ ಆಕಾಶ ಶುಭ್ರವಾಗಿದ್ದಾಗಲೇ ಹೊಳೆ ಏರಬಹುದು. ಮಳೆ ಬಿದ್ದಿರುವುದು ಕೊಡಗಿನಲ್ಲಿ, ನೀರು ಬಿಟ್ಟಿರುವುದು ಕಬಿನಿ ಮತ್ತು ಕೃಷ್ಣರಾಜಸಾಗರದಿಂದ. ನಮ್ಮ ದಕ್ಷಿಣ ಪಿನಾಕಿನಿಯೂ ಅಷ್ಟೆ, ಬೆಂಗಳೂರಿನ ಸುತ್ತ ಮಳೆಯಾದರೆ ಕೆಲವರಪಳ್ಳಿ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. 2017ರ ನವೆಂಬರಿನಲ್ಲಿ ಕೃಷ್ಣಗಿರಿ ಅಣೆಕಟ್ಟಿನ ಒಂದು ಗೇಟೇ ಕೆಟ್ಟು ನೀರು ನುಗ್ಗಿದ್ದು ಹಲವರಿಗೆ ನೆನಪಿರಬಹುದು. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತ ಬಂದಾಗ ನಮ್ಮದೇ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಸುರಿದು, ರಸ್ತೆ ಬದಿ ನಿಲ್ಲಿಸಿದ್ದ ವಾಹನಗಳು ಕೊಚ್ಚಿಕೊಂಡು ಹೋದವು. ವ್ಯಾನು ನಿಲ್ಲದ ಜಾಗದಲ್ಲಿ ಬಟ್ಟೆಯ ಡೇರೆ ನಿಲ್ಲುತ್ತದೆಯೇ? ಒಣಗಿದ ಹಳ್ಳದ ಮರಳು ಮೆತ್ತಗಿದೆಯೆಂದು ಅಲ್ಲಿ ಮಲಗಬೇಡಿ. ಕೆರೆ ಏರಿಯ ಕೆಳಗೂ ಬೇಡ. ಕೆಲವರಪಳ್ಳಿಯ ನೀರಿನಲ್ಲಿ ಆಗಾಗ ಬಿಳಿ ನೊರೆ ತೇಲುವುದನ್ನು ಕಂಡಿದ್ದೀರಿ. ಆ ನೀರನ್ನು ಎಷ್ಟು ಕುದಿಸಿದರೂ ಅದರಲ್ಲಿರುವ ರಾಸಾಯನಿಕ ಹೋಗುವುದಿಲ್ಲ. ಆದ್ದರಿಂದ ನೀರು ಮನೆಯಿಂದಲೇ ಬರಲಿ: ಕುಡಿಯಲು, ಅಡಿಗೆಗೆ ಸೇರಿ ತಲೆಗೆ ದಿನಕ್ಕೆ ನಾಲ್ಕೈದು ಲೀಟರ್. ನಾಲ್ಕು ಜನರಿಗೆ 20 ಲೀಟರಿನ ಒಂದು ಕ್ಯಾನ್ ಎಂದು ಲೆಕ್ಕ ಇಟ್ಟುಕೊಳ್ಳಿ. ಕೈಕಾಲು ತೊಳೆಯಲು ಬೇರೆ.

ಹಾಗಾದರೆ ಎಲ್ಲಿ? ಮೊದಲ ರಾತ್ರಿ ಮನೆಯ ತಾರಸಿಯ ಮೇಲೆ. ನಗಬೇಡಿ. ಟೆಂಟ್ ಕಟ್ಟುವುದು, ಜಿಪ್ ಹಾಕುವುದು, ಟಾರ್ಚ್ ಎಲ್ಲಿಟ್ಟೆವೆಂದು ಕತ್ತಲೆಯಲ್ಲಿ ತಡಕಾಡುವುದು, ನಡುರಾತ್ರಿ ಚಿಕ್ಕ ಮಗು ಅಳುವುದು ಇವೆಲ್ಲವನ್ನೂ ಅಲ್ಲಿಯೇ ಕಲಿತುಬಿಡಬಹುದು. ಕಷ್ಟವಾದರೆ ಹದಿನೈದು ಮೆಟ್ಟಿಲು ಇಳಿದರೆ ಹಾಸಿಗೆ ಇದೆ. ಎರಡನೆಯ ಸಲ ಊರಿನಲ್ಲಿರುವ ಅಜ್ಜನ ಮನೆಯ ಹಿತ್ತಲು ಅಥವಾ ಮನೆಗೆ ಹೊಂದಿಕೊಂಡ ಮಾವಿನ ತೋಪು. ಮೂರನೆಯ ಸಲ ಶಾಲೆಯ ಮೈದಾನ, ದೇವಾಲಯದ ಆವರಣ, ಪರಿಚಯದವರ ತೋಟ. ಯೇಲಗಿರಿಯಂಥ ಬೆಟ್ಟದ ಊರುಗಳೂ ಆಗಬಹುದು. ಹದಿನಾಲ್ಕು ತಿರುವುಗಳ ಆ ರಸ್ತೆಯಲ್ಲಿ ಮಕ್ಕಳಿಗೆ ವಾಂತಿ ಬರದಿದ್ದರೆ! ಎಲ್ಲಿಯೇ ಆದರೂ ಮೊದಲು ನೋಡಬೇಕಾದ್ದು ನೋಟವನ್ನಲ್ಲ, ಶೌಚಾಲಯವನ್ನು. ಹೆಂಗಸರು ಮತ್ತು ಬೆಳೆದ ಹೆಣ್ಣುಮಕ್ಕಳು ಹಿಂಜರಿಕೆಯಿಂದ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವ ಪ್ರವಾಸ ಕುಟುಂಬದ ಪ್ರವಾಸವಲ್ಲ, ಗಂಡಸರ ಪ್ರವಾಸ.

ಟೆಂಟ್ ಮತ್ತು ಹಾಸಿಗೆ

ಪೆಟ್ಟಿಗೆಯ ಮೇಲೆ 'ನಾಲ್ಕು ಜನರಿಗೆ' ಎಂದು ಬರೆದಿದ್ದರೆ ಅದು ನಾಲ್ಕು ಜನ ಅಲುಗಾಡದೆ, ಚೀಲಗಳನ್ನು ಹೊರಗಿಟ್ಟು ಮಲಗುವ ಲೆಕ್ಕ. ಗಂಡ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳಿಗೆ ಅದು ಸರಿ. ಮಕ್ಕಳು ಹೈಸ್ಕೂಲಿನವರಾದರೆ ಆರು ಜನರದ್ದು ಅಥವಾ ಎರಡು ಟೆಂಟ್ ಬೇಕು. ಎರಡು ಪದರ ಇರುವುದನ್ನೇ ಕೊಳ್ಳಿ: ಒಳಗಿನದು ಜಾಲರಿ, ಹೊರಗಿನದು ಮಳೆ ತಡೆಯುವ ಹೊದಿಕೆ. ನೆಲದ ಬಟ್ಟೆ ಗೋಡೆಗೆ ಸೇರಿಸಿ ಹೊಲಿದಿರಬೇಕು. ಒಂದೇ ಪದರದ ಅಗ್ಗದ ಟೆಂಟಿನಲ್ಲಿ ಬೆಳಗಿನ ಜಾವ ಒಳಗೋಡೆ ತೊಯ್ದು ತೊಟ್ಟಿಕ್ಕುತ್ತದೆ. ಸೋರಿತೆಂದು ಅಂಗಡಿಯವನನ್ನು ಬೈಯುತ್ತೇವೆ. ಅದು ಸೋರಿದ್ದಲ್ಲ, ನಾಲ್ಕು ಜನ ರಾತ್ರಿಯಿಡೀ ಬಿಟ್ಟ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಗುಲಿ ನೀರಾಗಿದ್ದು. ಚಳಿಯೆಂದು ಕಿಟಕಿ ಪೂರ್ತಿ ಮುಚ್ಚಿದಷ್ಟೂ ಇದು ಹೆಚ್ಚು. ಮೇಲಿನ ಗಾಳಿಕಿಂಡಿ ಸದಾ ತೆರೆದಿರಲಿ.

ಟೆಂಟಿನ ಜೊತೆ ಬರುವ ಗೂಟಗಳು ಕಡ್ಡಿಯಂಥವು, ನಮ್ಮ ಗರಸು ನೆಲಕ್ಕೆ ಎರಡೇಟಿಗೆ ಬಾಗುತ್ತವೆ. ಊರಿನ ಕಮ್ಮಾರನಿಂದ ಗೇಣುದ್ದದ ಎಂಟು ಕಬ್ಬಿಣದ ಗೂಟ ಮಾಡಿಸಿಕೊಳ್ಳಿ, ಒಂದು ಸುತ್ತಿಗೆ ಇರಲಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ಆಡು ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತಾರಸಿಯಲ್ಲಾದರೆ ನೀರು ತುಂಬಿದ ಕ್ಯಾನುಗಳಿಗೆ ಹಗ್ಗ ಕಟ್ಟಿ. ಕೆಳಗೆ ಟಾರ್ಪಾಲು ಹಾಸುವಾಗ ಅದರ ಅಂಚು ಟೆಂಟಿನಿಂದ ಹೊರಗೆ ಇಣುಕದಂತೆ ಒಳಕ್ಕೆ ಮಡಚಿ. ಇಲ್ಲದಿದ್ದರೆ ಮೇಲಿಂದ ಬಿದ್ದ ನೀರೆಲ್ಲ ಅದರ ಮೇಲೆ ಹರಿದು ನಿಮ್ಮ ಬೆನ್ನಡಿಗೆ ಬರುತ್ತದೆ. ಜಾಗ ಸ್ವಲ್ಪ ದಿಣ್ಣೆಯ ಮೇಲಿರಲಿ. ತೆಂಗಿನ ಮರದ ಕೆಳಗೆ, ಒಣಕೊಂಬೆಯಿರುವ ಮರದ ಕೆಳಗೆ ಬೇಡ.

ಹಾಸಿಗೆಯ ವಿಷಯದಲ್ಲಿ ಎಲ್ಲರೂ ಹೊದೆಯುವುದನ್ನು ಯೋಚಿಸುತ್ತಾರೆ, ಹಾಸುವುದನ್ನು ಮರೆಯುತ್ತಾರೆ. ಜನವರಿಯ ರಾತ್ರಿ ಹೊಸೂರು, ತಳಿಯ ಕಡೆ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಚಳಿ ಬರುವುದು ಆಕಾಶದಿಂದ ಮಾತ್ರವಲ್ಲ, ನೆಲದಿಂದ. ಮೈಯ ಭಾರಕ್ಕೆ ಕೆಳಗಿನ ಹತ್ತಿ ಹಾಸಿಗೆ ಅಮುಕಿಹೋಗಿ ಶಾಖವನ್ನು ನೆಲ ಹೀರಿಕೊಳ್ಳುತ್ತದೆ. ಗಾಳಿ ತುಂಬುವ ಹಾಸಿಗೆ ಮೆತ್ತಗಿದ್ದರೂ ತಣ್ಣಗೆ. ಕಡಿಮೆ ಖರ್ಚಿನ ಉಪಾಯವೆಂದರೆ ಕೆಳಗೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ, ಅದರ ಮೇಲೆ ಚಾಪೆ, ಅದರ ಮೇಲೆ ಕಂಬಳಿ. ಇಬ್ಬರಿಗೆ ಮೂರು ಕಂಬಳಿ ಇದ್ದರೆ ಒಂದನ್ನು ಅಡಿಗೇ ಹಾಕಿ. ಕುರಿಗಾಹಿಯ ಕರಿ ಕಂಬಳಿಗೆ ಸಮನಾದದ್ದನ್ನು ಇನ್ನೂ ಯಾವ ಕಂಪನಿಯೂ ಮಾಡಿದಂತೆ ಕಾಣೆ. ಮಕ್ಕಳಿಗೆ ಟೋಪಿ, ಕಾಲುಚೀಲ, ಮಲಗಲು ಒಣಗಿದ ಒಂದು ಜೊತೆ ಬಟ್ಟೆ ಬೇರೆಯೇ ಇರಲಿ.

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ಎರಡು ಮೂರು ಕುಟುಂಬಗಳು ಸೇರಿ ಒಂದು ಟೆಂಟ್ ಕೊಂಡು ಸರದಿಯ ಮೇಲೆ ಬಳಸಿದರೆ ಸಾಕು. ವರ್ಷಕ್ಕೆ ಎರಡು ರಾತ್ರಿಗಾಗಿ ಸಾವಿರಾರು ರೂಪಾಯಿ ಅಟ್ಟದ ಮೇಲೆ ಏಕೆ ಮಲಗಬೇಕು?

ಉಳಿದ ಸಾಮಾನು ಹೆಚ್ಚೇನಿಲ್ಲ. ತಲೆಗೆ ಕಟ್ಟಿಕೊಳ್ಳುವ ಟಾರ್ಚು (ಕೈ ಖಾಲಿಯಿರುತ್ತದೆ, ಮಕ್ಕಳಿಗೆ ಅದೊಂದು ಆಟವೂ ಹೌದು), ಹತ್ತು ಮೀಟರ್ ಹಗ್ಗ, ಚಾಕು, ಬೆಂಕಿಪೊಟ್ಟಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು, ಕಸಕ್ಕೆ ಎರಡು ಚೀಲ, ನಿತ್ಯ ತೆಗೆದುಕೊಳ್ಳುವ ಮಾತ್ರೆಗಳು, ಗಾಯಕ್ಕೆ ಪಟ್ಟಿ, ಓಆರ್‌ಎಸ್. ಹುಲ್ಲುಗಾವಲಿನಲ್ಲಿ ದನ ಮೇಯುವ ಜಾಗವಾದರೆ ಉಣ್ಣೆಗಳಿರುತ್ತವೆ, ಪೂರ್ತಿ ಪ್ಯಾಂಟ್ ಹಾಕಿಸಿ. ಶೌಚಾಲಯವಿಲ್ಲದ ಕಡೆ ಒಂದು ಸನಿಕೆ, ಗೇಣಾಳದ ಗುಂಡಿ, ನೀರಿನ ಮೂಲದಿಂದ ದೂರ.

ಊಟ, ಬೆಂಕಿ

ಮೊದಲ ರಾತ್ರಿಯ ಊಟ ಮನೆಯಲ್ಲೇ ತಯಾರಾಗಲಿ. ಟೆಂಟ್ ಕಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ, ಮಕ್ಕಳು ಹಸಿದಿರುತ್ತಾರೆ, ಆಗ ಒಲೆ ಹಚ್ಚಲು ಹೊರಟರೆ ಮನೆಯ ಜಗಳ ಅಲ್ಲಿಗೂ ಬರುತ್ತದೆ. ಪುಳಿಯೋಗರೆ, ಚಪಾತಿ, ಒಣ ಪಲ್ಯ ಸಾಕು. ಬೆಳಿಗ್ಗೆ ರಾಗಿ ಹುರಿಹಿಟ್ಟಿಗೆ ಹಾಲು ಬೆಲ್ಲ ಕಲಸಿದರೆ ಬೆಂಕಿಯೇ ಬೇಡ. ಅಡಿಗೆ ಮಾಡಲೇಬೇಕೆಂದರೆ ಚಿಕ್ಕ ಗ್ಯಾಸ್ ಒಲೆ ಒಳ್ಳೆಯದು, ಟೆಂಟಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಗಾಳಿಗೆ ಮರೆಯಾಗಿ. ಅವರೆಕಾಯಿಯ ಕಾಲದಲ್ಲಿ ಎಲ್ಲರೂ ಸುತ್ತ ಕುಳಿತು ಕಾಯಿ ಸುಲಿಯುವುದೇ ಅರ್ಧ ಸಂಜೆಯ ಕಾರ್ಯಕ್ರಮ, ಮೊಬೈಲಿಗೆ ಬಿಡುವು ಸಿಗುತ್ತದೆ.

ಬೆಂಕಿ ಹಚ್ಚುವುದಾದರೆ ಜಾಗದ ಯಜಮಾನರನ್ನು ಕೇಳಿ, ಸುತ್ತಲಿನ ಒಣಹುಲ್ಲು ಕೆರೆದು, ಕಲ್ಲು ಜೋಡಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಹಚ್ಚಿ. ಮಲಗುವ ಮುನ್ನ ಬೂದಿ ಕೈಗೆ ತಣ್ಣಗಾಗುವವರೆಗೂ ನೀರು ಹಾಕಿ. ಇಲ್ಲಿ ಒಂದು ಮಾತನ್ನು ದಯವಿಟ್ಟು ಮನೆಯ ಎಲ್ಲರಿಗೂ ಓದಿ ಹೇಳಿ: ಚಳಿಯೆಂದು ಕೆಂಡದ ಬಾಂಡ್ಲಿಯನ್ನೋ ಗ್ಯಾಸ್ ಒಲೆಯನ್ನೋ ಟೆಂಟಿನೊಳಗೆ ಇಟ್ಟುಕೊಳ್ಳಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣಲಿಲ್ಲವೆಂದರೆ ಅಪಾಯವಿಲ್ಲ ಎಂದಲ್ಲ. ಮಲಗಿದವರು ಏಳುವುದೇ ಇಲ್ಲ.

ರಾತ್ರಿ

ಹಾವಿನ ಭಯ ಎಲ್ಲರಿಗೂ ಇರುತ್ತದೆ. ಜಿಪ್ ಸದಾ ಮುಚ್ಚಿದ್ದು, ನೆಲದ ಬಟ್ಟೆ ಹೊಲಿದಿದ್ದರೆ ಟೆಂಟಿನ ಒಳಗೆ ಮಲಗುವುದು ಬರಿ ನೆಲದ ಮೇಲೆ ಮಲಗುವುದಕ್ಕಿಂತ ಎಷ್ಟೋ ಮೇಲು. ರಾತ್ರಿ ಹೊರಗೆ ಹೋಗುವಾಗ ಟಾರ್ಚು ಮತ್ತು ಚಪ್ಪಲಿ ಕಡ್ಡಾಯ. ಹೊರಗೆ ಬಿಟ್ಟ ಶೂಗಳನ್ನು ಬೆಳಿಗ್ಗೆ ಕೊಡವಿ ಹಾಕಿಕೊಳ್ಳಬೇಕು. ಕಟ್ಟುಹಾವಿನ ವಿಷಯ ಮಾತ್ರ ಗೊತ್ತಿರಲಿ. ಅದು ರಾತ್ರಿ ಸಂಚರಿಸುತ್ತದೆ, ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ ನೋವೂ ಗುರುತೂ ಬಹಳ ಸಲ ಇರುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದು ಎದ್ದು, ರೆಪ್ಪೆಗಳು ಜೋತುಬಿದ್ದರೆ, ಮಾತು ತೊದಲಿದರೆ ಅಜೀರ್ಣವೆಂದು ಕಷಾಯ ಕೊಡುತ್ತಾ ಕೂರಬೇಡಿ. ಕಚ್ಚಿದ ಕಡೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಡೆಸದೆ, ಕೈಕಾಲು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ ಹೊಸೂರು ಅಥವಾ ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಗೆ. ಮದ್ದು ಇರುವುದು ಅಲ್ಲಿ, ಮಂತ್ರದಲ್ಲಿಲ್ಲ. ಅದಕ್ಕಾಗಿಯೇ ಜಾಗ ಆರಿಸುವಾಗ ಮೊಬೈಲ್ ಸಿಗ್ನಲ್ ಇದೆಯೇ, ರಾತ್ರಿ ಗಾಡಿ ಹೊರಡುವ ದಾರಿ ಇದೆಯೇ ನೋಡಿ. ನೀವು ಎಲ್ಲಿದ್ದೀರೆಂದು ಊರಿನಲ್ಲಿ ಒಬ್ಬರಿಗಾದರೂ ತಿಳಿದಿರಲಿ.

ಏಪ್ರಿಲ್ ಮೇ ರಜೆಯಲ್ಲಿ ಹೊರಡುವವರಿಗೆ ಅಶ್ವಿನಿ, ಭರಣಿ ಮಳೆಗಳು ಸಂಜೆ ಗುಡುಗು ಮಿಂಚಿನೊಂದಿಗೆ ಬರುತ್ತವೆ. ಗುಡುಗು ಕೇಳಿದೊಡನೆ ಟೆಂಟ್ ಬಿಟ್ಟು ಮನೆಯೊಳಗೆ ಅಥವಾ ಕಾರಿನೊಳಗೆ ಹೋಗಬೇಕು. ಬಟ್ಟೆಯ ಡೇರೆ ಸಿಡಿಲನ್ನು ತಡೆಯದು.

ಯುವಜನರ ಗುಂಪು ಹೋಗುವುದಾದರೆ ಇನ್ನೂ ಕೆಲವು ವಿಷಯ. ಬೇಡನ್ ಪೊವೆಲ್ 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದಾಗ ಸಿರಿವಂತರ ಶಾಲೆಯವರನ್ನೂ ಕೂಲಿಕಾರರ ಮಕ್ಕಳನ್ನೂ ಒಂದೇ ದಳದಲ್ಲಿ ಬೆರೆಸಿದ್ದ. ಎರಡೇ ವರ್ಷದಲ್ಲಿ, 1909ರಲ್ಲಿ, ಸ್ಕೌಟ್ ದಳ ಬೆಂಗಳೂರಿಗೂ ಬಂತು. ಆ ಬೆರೆಸುವಿಕೆ ನಮಗೂ ಬೇಕು: ಕಾರ್ಖಾನೆ ಅಧಿಕಾರಿಯ ಮಗ ಟೆಂಟ್ ತರಲಿ, ಗುಲಾಬಿ ತೋಟದಲ್ಲಿ ಕೆಲಸ ಮಾಡುವವರ ಮಗ ಗೂಟ ಹೊಡೆಯುವುದನ್ನು ಕಲಿಸಲಿ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಟೆಂಟ್, ಎರಡು ಬೇರೆ ಕುಟುಂಬಗಳ ಹಿರಿಯರು ರಾತ್ರಿಯಿಡೀ ಜೊತೆಗೆ, ಪೋಷಕರ ಒಪ್ಪಿಗೆ ಬರಹದಲ್ಲಿ. ಯಾವ ಮಗುವೂ ಒಬ್ಬ ದೊಡ್ಡವರೊಂದಿಗೆ ಒಂಟಿಯಾಗಿ ಒಂದು ಟೆಂಟಿನಲ್ಲಿ ಮಲಗಬಾರದು. ಆ ದೊಡ್ಡವರು ಯಾರೇ ಆಗಿರಲಿ, ಗುರುಗಳೇ ಆಗಿರಲಿ. ಇದನ್ನು ಕೇಳಲು ಪೋಷಕರು ಸಂಕೋಚಪಡಬೇಕಿಲ್ಲ.

ಮಕ್ಕಳು ಮೊದಲ ರಾತ್ರಿ ನಿದ್ದೆ ಮಾಡುವುದು ಕಡಿಮೆ. ಗೂಬೆ ಕೂಗಿದರೆ, ಎಲೆ ಸದ್ದಾದರೆ, ದೂರದಲ್ಲಿ ನಾಯಿ ಊಳಿಟ್ಟರೆ ಎದ್ದು ಕೂರುತ್ತಾರೆ. ದೀಪವಿಲ್ಲದ ಕತ್ತಲೆಯನ್ನು ಅಪಾರ್ಟ್‌ಮೆಂಟಿನ ಮಕ್ಕಳು ನೋಡಿಯೇ ಇರುವುದಿಲ್ಲ. ಬೈಯಬೇಡಿ, ಹೊರಗೆ ಕರೆತಂದು ಆ ಸದ್ದು ಯಾವುದೆಂದು ಒಟ್ಟಿಗೆ ಕೇಳಿ. ಅಜ್ಜ ಜೊತೆಗಿದ್ದರೆ ಈ ಕೆಲಸ ಅವರಿಗೆ ಬಿಡಿ. ರಾಗಿ ಹೊಲದ ಅಟ್ಟಣೆಯ ಮೇಲೆ ಕಳೆದ ರಾತ್ರಿಗಳ ಬಗ್ಗೆ ಯಾರೂ ಕೇಳದೆ ಅವರಿಗೂ ಬಹಳ ವರ್ಷಗಳಾಗಿರುತ್ತವೆ.

ಬೆಳಿಗ್ಗೆ ಹೊರಡುವ ಆತುರದಲ್ಲಿ ಇಬ್ಬನಿಯಿಂದ ತೊಯ್ದ ಟೆಂಟನ್ನು ಹಾಗೆಯೇ ಸುತ್ತಿ ಚೀಲಕ್ಕೆ ತುಂಬಬೇಡಿ. ಬಿಸಿಲೇರುವವರೆಗೆ ಕಾಯಿರಿ, ಇಲ್ಲವೇ ಮನೆಗೆ ಬಂದ ದಿನವೇ ತಾರಸಿಯ ಮೇಲೆ ಹರವಿ ಒಣಗಿಸಿ. ಗೂಟಗಳನ್ನು ಎಣಿಸಿ ಇಡಿ. ಒದ್ದೆಯಾಗಿ ಮಡಚಿಟ್ಟ ಟೆಂಟಿಗೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ವಾಸನೆ ಬರುತ್ತದೆ, ಮುಂದಿನ ಸರದಿಯ ಕುಟುಂಬ ಅದರಲ್ಲಿ ಮಲಗಬೇಕಲ್ಲ.